ಬಜೆಟ್ ಸಭೆಗೆ ಜನವರಿಯಲ್ಲೇ ಬನ್ನಿ: ಬೇ ಏರಿಯಾದ ಕನ್ನಡಿಗ ಪೋಷಕರಿಗೆ ಬಹಿರಂಗ ಪತ್ರ

ಆತ್ಮೀಯ ತಂದೆತಾಯಂದಿರೇ, ಮೊಮ್ಮಕ್ಕಳ ಜೊತೆ ನಾಲ್ಕು ದಿನ ಇರಲು ಊರಿನಿಂದ ಬಂದಿರುವ ಅಜ್ಜ ಅಜ್ಜಿಯರೇ,

ನವೆಂಬರ್ 1ರಂದು ನಾವೆಲ್ಲ ರಾಜ್ಯೋತ್ಸವದ ಸಡಗರದಲ್ಲಿರುತ್ತೇವೆ. ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಯ ಮೊದಲ ಕಂತು ಕಟ್ಟಬೇಕಾದ ದಿನವೂ ಅದೇ. ಡಿಸೆಂಬರ್ 10 ದಾಟಿದರೆ ದಂಡ. ಸ್ವಂತ ಮನೆಯಿರುವವರು ಈ ಸಲ ಆ ಬಿಲ್ಲನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿ. ಒಟ್ಟು ಮೊತ್ತ ನೋಡಿ, ನಿಟ್ಟುಸಿರು ಬಿಟ್ಟು, ಫೋನಿನಲ್ಲೇ ಕಟ್ಟಿ ಮುಗಿಸುವುದು ನಮ್ಮ ರೂಢಿ. ಆ ಮೊತ್ತದ ಮೇಲಿನ ಸಾಲುಗಳಲ್ಲಿ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನ ಹೆಸರಿರುತ್ತದೆ. ಒಂದು ಕಡೆ ಬಾಂಡ್ ಸಾಲದ ಮರುಪಾವತಿ, ಕೆಲವು ಊರುಗಳಲ್ಲಿ ಅದರ ಜೊತೆಗೆ ಪಾರ್ಸೆಲ್ ಟ್ಯಾಕ್ಸ್ ಎನ್ನುವ ನಿವೇಶನ ತೆರಿಗೆ. ಬಾಡಿಗೆ ಮನೆಯವರೂ ಇದರಿಂದ ಹೊರಗಿಲ್ಲ, ಮಾಲೀಕರು ಕಟ್ಟುವ ತೆರಿಗೆ ಬಾಡಿಗೆಯೊಳಗೇ ಅಡಗಿರುತ್ತದೆ.

ಇಷ್ಟು ಹಣ ಕೊಡುವ ನಾವು, ಆ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನವಾಗುವ ಸಭೆಗಳಲ್ಲಿ ಕಾಣಿಸುವುದೇ ಇಲ್ಲ. ನಾನು ನಮ್ಮ ಡಿಸ್ಟ್ರಿಕ್ಟಿನ ಪೋಷಕರ ಸಲಹಾ ಸಮಿತಿಯಲ್ಲಿ ಕೂತಿರುವವಳು. ತರಗತಿಗಳಲ್ಲಿ ನಮ್ಮ ಮಕ್ಕಳು ತುಂಬಿದ್ದಾರೆ, ಗಣಿತದ ಸ್ಪರ್ಧೆಯಲ್ಲೂ ರೊಬೋಟಿಕ್ಸ್ ತಂಡದಲ್ಲೂ ಇದ್ದಾರೆ. ಬಜೆಟ್ ಸಭೆಯ ಕುರ್ಚಿಗಳಲ್ಲಿ ಮಾತ್ರ ನಾವಿಲ್ಲ. ಇದು ನನಗೆ ಬಹಳ ಕಾಲದಿಂದ ನೋವಿನ ವಿಷಯ. ಅದಕ್ಕೇ ಈ ಪತ್ರ.

ನಮಗೆ ಇದು ಅಭ್ಯಾಸವಿಲ್ಲದ್ದು, ನಿಜ. ನಮ್ಮಲ್ಲಿ ಎಷ್ಟೋ ಮಂದಿ ಕರ್ನಾಟಕದ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಗಳಲ್ಲಿ ಓದಿದವರು. ಅಲ್ಲಿ ಶಾಲೆ ಅಂದರೆ ಇಲಾಖೆ. ಮೇಷ್ಟ್ರ ಸಂಬಳ ಖಜಾನೆಯಿಂದ, ಪುಸ್ತಕ ಬೆಂಗಳೂರಿನಿಂದ, ಬಿಇಒ ಸಾಹೇಬರು ಈ ವರ್ಷ ನಮ್ಮ ತಾಲ್ಲೂಕಿನಲ್ಲಿ, ಬರುವ ವರ್ಷ ಇನ್ನೊಂದರಲ್ಲಿ. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಬಂದ ಮೇಲೆ ಪೋಷಕರಿಗೆ ಶಾಲೆಯ ಒಳಗೆ ಒಂದು ಜಾಗ ಸಿಕ್ಕಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಆದರೂ ಮೇಷ್ಟ್ರನ್ನು ನೇಮಿಸುವುದು, ಸಂಬಳ ಗೊತ್ತುಮಾಡುವುದು ಊರಿನವರ ಕೈಯಲ್ಲಿಲ್ಲ.

ಇಲ್ಲಿನ ಏರ್ಪಾಡೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 900ಕ್ಕೂ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟುಗಳಿವೆ. ಒಂದೊಂದೂ ಒಂದು ಪುಟ್ಟ ಸ್ಥಳೀಯ ಸರ್ಕಾರ. ಸಾಮಾನ್ಯವಾಗಿ ಐದು ಅಥವಾ ಏಳು ಮಂದಿಯ ಬೋರ್ಡು, ಅವರು ನಾವಿರುವ ಊರಿನವರೇ, ಚುನಾವಣೆಯಲ್ಲಿ ಗೆದ್ದು ಬಂದವರು. ಸೂಪರಿಂಟೆಂಡೆಂಟರನ್ನು ನೇಮಿಸುವುದು ಅವರು, ಶಿಕ್ಷಕರ ಸಂಘದ ಜೊತೆಗಿನ ಒಪ್ಪಂದಕ್ಕೆ ಒಪ್ಪಿಗೆ ಕೊಡುವುದು ಅವರು, ಶಾಲೆ ತೆರೆಯುವುದು ಮುಚ್ಚುವುದು ಅವರು. ಪಟ್ಟು ಹಿಡಿದು ಕೇಳುವ ನಾಲ್ಕು ಜನ ಪೋಷಕರು ಇಂಥ ಬೋರ್ಡಿನ ಮುಂದೆ ನಿಂತರೆ ಅದರ ಪರಿಣಾಮ ಎಷ್ಟೆಂದು ನಮ್ಮವರಿಗೆ ಇನ್ನೂ ಅಂದಾಜಾಗಿಲ್ಲ.

ಹಣ ಎಲ್ಲಿಂದ ಬರುತ್ತದೆ ಎನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. 1978ರಲ್ಲಿ ಜನರು ಮತ ಹಾಕಿ ತಂದ ಪ್ರೊಪೊಸಿಷನ್ 13, ಆಸ್ತಿ ತೆರಿಗೆಯ ಮೂಲದರವನ್ನು ಶೇಕಡಾ 1ಕ್ಕೆ ಮಿತಿಗೊಳಿಸಿತು. ಮನೆ ಕೈಬದಲಾಗುವ ತನಕ ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ ಎಂದಿತು. ಒಂದೇ ಬೀದಿಯಲ್ಲಿ ನಲವತ್ತು ವರ್ಷದಿಂದ ಇರುವವರು ಕಟ್ಟುವ ತೆರಿಗೆಗೂ ಹೋದ ವರ್ಷ ಮನೆ ಕೊಂಡ ನೀವು ಕಟ್ಟುವ ತೆರಿಗೆಗೂ ಅಜಗಜಾಂತರವಿರುವುದು ಇದರಿಂದಲೇ. ಅದಾದ ಮೇಲೆ ಶಾಲೆಗಳ ಹಣದ ಹಿಡಿತ ಊರಿನಿಂದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು. 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ ಈಗಿನ ಲೆಕ್ಕಾಚಾರಕ್ಕೆ ಆಧಾರ. ಪ್ರತಿ ಮಗುವಿಗೂ ಅದರ ತರಗತಿಗೆ ತಕ್ಕಂತೆ ಒಂದು ಮೂಲ ಮೊತ್ತ. ಬಡ ಕುಟುಂಬದ ಮಕ್ಕಳಿಗೆ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ, ಫಾಸ್ಟರ್ ಕೇರ್‌ನಲ್ಲಿ ಬೆಳೆಯುವ ಮಕ್ಕಳಿಗೆ ಅದರ ಮೇಲೆ ಶೇಕಡಾ 20ರಷ್ಟು ಹೆಚ್ಚುವರಿ. ಅಂಥ ಮಕ್ಕಳು ಶೇಕಡಾ 55ನ್ನು ಮೀರಿದ ಕಡೆ ಇನ್ನೂ ಹೆಚ್ಚು. ಆ ಹೆಚ್ಚುವರಿ ಹಣ ಮುಖ್ಯವಾಗಿ ಆ ಮಕ್ಕಳ ಕಲಿಕೆಗೇ ಸಲ್ಲಬೇಕು ಎನ್ನುವುದು ಕಾನೂನಿನ ಆಶಯ, ನ್ಯಾಯವೂ ಹೌದು.

ಪಾಲೊ ಆಲ್ಟೊದಂಥ ಕೆಲವು ಡಿಸ್ಟ್ರಿಕ್ಟುಗಳಲ್ಲಿ ಸ್ಥಳೀಯ ಆಸ್ತಿ ತೆರಿಗೆಯೇ ಈ ಸೂತ್ರದ ಮೊತ್ತವನ್ನು ಮೀರುತ್ತದೆ. ಮಿಕ್ಕ ಹಣ ಅವರಲ್ಲೇ ಉಳಿಯುತ್ತದೆ. ಅವರ ಶಾಲೆಯಲ್ಲಿರುವುದು ನಮ್ಮ ಶಾಲೆಯಲ್ಲಿ ಏಕಿಲ್ಲ ಎಂದು ಪ್ರಿನ್ಸಿಪಾಲರ ಜೊತೆ ಜಗಳಕ್ಕೆ ನಿಲ್ಲುವ ಮುಂಚೆ ಇದು ಗೊತ್ತಿರಲಿ.

ಈಗ ನಮಗೆ ನೇರವಾಗಿ ತಾಗುವ ಮಾತು. ಕ್ಯಾಲಿಫೋರ್ನಿಯಾ ಶಾಲೆಗೆ ಹಣ ಕೊಡುವುದು ದಾಖಲಾತಿ ನೋಡಿ ಅಲ್ಲ, ಹಾಜರಿ ನೋಡಿ. ಮಗು ಬರದ ದಿನದ ಹಣ ಬರುವುದಿಲ್ಲ. ಜ್ವರ ಬಂದಿತ್ತು ಎಂದು ನೀವು ಚೀಟಿ ಕೊಟ್ಟರೂ ಇಲ್ಲ. ನಮ್ಮ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಊರಿನ ಟಿಕೆಟ್. ಮದುವೆ, ಉಪನಯನ, ಅಜ್ಜಿಯ ಆರೋಗ್ಯ, ಸಂಕ್ರಾಂತಿ ಮುಗಿಸಿಕೊಂಡೇ ಹೊರಡಿ ಎನ್ನುವ ಒತ್ತಾಯ. ಚಳಿಗಾಲದ ರಜೆಯ ಹಿಂದೆ ಎರಡು ವಾರ, ಮುಂದೆ ಎರಡು ವಾರ ಸೇರಿಸಿಕೊಂಡರೆ ಇಪ್ಪತ್ತು ಶಾಲಾ ದಿನ ಹೋಯಿತು. ಶಾಲಾ ವರ್ಷ ಸಾಮಾನ್ಯವಾಗಿ 180 ದಿನ. ಅಂದರೆ ಒಂಬತ್ತು ಮಕ್ಕಳು ಹೀಗೆ ಹೋಗಿ ಬಂದರೆ ಒಂದು ಮಗುವಿನ ಇಡೀ ವರ್ಷದ ಹಣ ಶಾಲೆಗೆ ಬರದೇ ಹೋಗುತ್ತದೆ. ಊರಿಗೆ ಹೋಗಬೇಡಿ ಎಂದು ನಾನು ಖಂಡಿತ ಹೇಳುವುದಿಲ್ಲ. ಅಜ್ಜಿಯ ಮಡಿಲಲ್ಲಿ ಕೂತು ಕನ್ನಡ ಕೇಳುವ ಆ ದಿನಗಳಿಗೆ ಬೇರೆ ಯಾವುದೂ ಸಾಟಿಯಲ್ಲ. ಆದರೆ ಹೊರಡುವ ಮುಂಚೆ ಶಾಲೆಯ ಕಚೇರಿಗೆ ಹೋಗಿ ಇಂಡಿಪೆಂಡೆಂಟ್ ಸ್ಟಡಿ ಒಪ್ಪಂದ ಕೇಳಿ. ಶಿಕ್ಷಕರು ಕೊಟ್ಟ ಕೆಲಸವನ್ನು ಮಗು ಊರಿನಲ್ಲಿ ಮಾಡಿ ತಂದೊಪ್ಪಿಸಿದರೆ ಆ ದಿನಗಳೂ ಹಾಜರಿಯ ಲೆಕ್ಕಕ್ಕೆ ಬರುತ್ತವೆ. ಎಷ್ಟು ದಿನಕ್ಕೆ ಕೊಡುತ್ತಾರೆ, ಎಷ್ಟು ಮುಂಚೆ ಕೇಳಬೇಕು ಎನ್ನುವುದು ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ ಬೇರೆ, ಕೇಳಿ ತಿಳಿದುಕೊಳ್ಳಿ. ವಿಮಾನ ಹತ್ತಿದ ಮೇಲೆ ಇ-ಮೇಲ್ ಕಳಿಸಿದರೆ ಆಗುವ ಕೆಲಸವಲ್ಲ.

ಇನ್ನೊಂದು ಮಾತು ಸ್ವಲ್ಪ ಕಹಿ. ಮಗುವನ್ನು ಮೊದಲ ಸಲ ಶಾಲೆಗೆ ಸೇರಿಸುವಾಗ ಮನೆಮಾತಿನ ಬಗ್ಗೆ ಒಂದು ಅರ್ಜಿ ತುಂಬಬೇಕು. ಅದರಲ್ಲಿ ನಾಲ್ಕು ಪ್ರಶ್ನೆ. ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ, ಮನೆಯಲ್ಲಿ ಹೆಚ್ಚಾಗಿ ಆಡುವುದು ಯಾವುದು, ನೀವು ಮಗುವಿನ ಜೊತೆ ಆಡುವುದು ಯಾವುದು, ಮನೆಯ ದೊಡ್ಡವರು ತಮ್ಮಲ್ಲಿ ಆಡುವುದು ಯಾವುದು. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಬೇರೆ ಗುಂಪಿಗೆ ಹಾಕಿಬಿಡುತ್ತಾರೆ ಎಂಬ ಭಯಕ್ಕೆ ನಮ್ಮವರು ನಾಲ್ಕಕ್ಕೂ ಇಂಗ್ಲಿಷ್ ಎಂದು ಬರೆಯುತ್ತಾರೆ. ಹಾಗೆ ಬರೆಯಿರಿ ಎಂದು ಹೊಸಬರಿಗೆ ವಾಟ್ಸಾಪಿನಲ್ಲಿ ಬುದ್ಧಿವಾದವೂ ಬರುತ್ತದೆ. ದಯವಿಟ್ಟು ಆ ಮಾತು ಕೇಳಬೇಡಿ. ಎಲ್ಪ್ಯಾಕ್ ಎನ್ನುವ ಆ ಪರೀಕ್ಷೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವ ಮಗು ಪಾಸಾಗುತ್ತದೆ, ಅಲ್ಲಿಗೆ ಮುಗಿಯಿತು. ನೆರವು ಬೇಕಾದ ಮಗುವಿಗೆ ನೆರವು ಸಿಗುತ್ತದೆ, ಆ ಮಗುವಿನ ಹೆಸರಿನಲ್ಲಿ ಶಾಲೆಗೆ ಹೆಚ್ಚುವರಿ ಹಣವೂ ಬರುತ್ತದೆ. ನಾವು ನಮ್ಮ ಮನೆಮಾತನ್ನು ಮುಚ್ಚಿಟ್ಟರೆ ಡಿಸ್ಟ್ರಿಕ್ಟಿನ ಲೆಕ್ಕದಲ್ಲಿ ಕನ್ನಡವೇ ಇಲ್ಲವಾಗುತ್ತದೆ. ಯಾವುದೇ ಶಾಲೆಯಲ್ಲಿ ಶೇಕಡಾ 15ರಷ್ಟು ಮಕ್ಕಳ ಮನೆಮಾತು ಒಂದೇ ಆಗಿದ್ದರೆ ಪೋಷಕರಿಗೆ ಕಳಿಸುವ ಸೂಚನೆಗಳನ್ನು ಆ ಭಾಷೆಯಲ್ಲೂ ಕೊಡಬೇಕೆಂದು ಕಾನೂನಿದೆ. ಕನ್ನಡ ಆ ಮಟ್ಟ ಮುಟ್ಟುವ ಲಕ್ಷಣ ಸದ್ಯಕ್ಕಿಲ್ಲ. ಆದರೆ ಇರುವಷ್ಟಾದರೂ ಕಾಣಿಸಬೇಡವೇ? ರಾಜ್ಯೋತ್ಸವದ ದಿನ ಹಳದಿ ಕೆಂಪು ಶಾಲು ಹೊದೆಯುವ ಕೈಯಿಂದಲೇ ಅರ್ಜಿಯಲ್ಲಿ ಕನ್ನಡವನ್ನು ಅಳಿಸುವುದು ನನಗೆ ಸಹಿಸಲಾಗದ ವಿಷಯ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಬಜೆಟ್ ಯಾವಾಗ ತಯಾರಾಗುತ್ತದೆ?

ನಮ್ಮವರು ಬರುವುದಾದರೆ ಜೂನ್‌ನಲ್ಲಿ ಬರುತ್ತಾರೆ. ಬಜೆಟ್ಟಿನ ಮೇಲೆ ಸಾರ್ವಜನಿಕ ವಿಚಾರಣೆ ನಡೆಯುವುದು ಆಗ. ಆ ಸಭೆ ಹೇಗಿರುತ್ತದೆಂದು ಹೇಳುತ್ತೇನೆ. ಸಂಜೆ ಶುರುವಾದ ಸಭೆಯಲ್ಲಿ ಸನ್ಮಾನ, ಫೋಟೊ, ನಿವೃತ್ತರಿಗೆ ವಿದಾಯ ಎಲ್ಲ ಮುಗಿದು ಬಜೆಟ್ಟಿನ ಸರದಿ ಬರುವಾಗ ರಾತ್ರಿಯಾಗಿರುತ್ತದೆ. ಹಣಕಾಸು ಅಧಿಕಾರಿ ಪರದೆಯ ಮೇಲೆ ಒಂದಾದ ಮೇಲೊಂದು ಕೋಷ್ಟಕ ತೋರಿಸುತ್ತಾರೆ. ಅಧ್ಯಕ್ಷರು ವಿಚಾರಣೆ ತೆರೆಯುತ್ತಾರೆ, ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ಕೇಳುತ್ತಾರೆ. ನಮ್ಮ ಡಿಸ್ಟ್ರಿಕ್ಟಿನಲ್ಲಿ ಒಮ್ಮೆ ನಮ್ಮವರೇ ಒಬ್ಬ ತಂದೆ ಎದ್ದು ಮಗಳ ಸಂಗೀತದ ಮೇಷ್ಟ್ರನ್ನು ಉಳಿಸಿಕೊಡಿ ಎಂದು ಕೇಳಿಕೊಂಡರು. ಗಂಟಲು ಕಟ್ಟಿತ್ತು ಅವರಿಗೆ. ಬೋರ್ಡಿನವರು ಮರುಕದಿಂದಲೇ ಕೇಳಿದರು. ಆದರೆ ಆ ಮೇಷ್ಟ್ರು ಮಾರ್ಚ್‌ನಲ್ಲೇ ನೋಟಿಸ್ ಪಡೆದು, ಮೇ ಹೊತ್ತಿಗೆ ಬೇರೆ ಊರಿನಲ್ಲಿ ಕೆಲಸ ಹಿಡಿದಾಗಿತ್ತು.

ಕಾನೂನಿನ ಕ್ಯಾಲೆಂಡರ್ ಹೀಗಿದೆ. ಡಿಸ್ಟ್ರಿಕ್ಟಿನ ಆರ್ಥಿಕ ವರ್ಷ ಜುಲೈ 1ಕ್ಕೆ ಶುರು. ಡಿಸೆಂಬರ್ 15ರೊಳಗೆ ಮೊದಲ ಮಧ್ಯಂತರ ವರದಿಗೆ ಬೋರ್ಡಿನ ಒಪ್ಪಿಗೆಯಾಗಬೇಕು. ಅಕ್ಟೋಬರ್ ಕೊನೆಯ ತನಕದ ಜಮಾಖರ್ಚು, ಮುಂದಿನ ಎರಡು ವರ್ಷದ ಅಂದಾಜು ಎರಡೂ ಅದರಲ್ಲಿರುತ್ತವೆ. ಮುಂದಿನ ವರ್ಷ ಕೊರತೆ ಬೀಳುತ್ತದೆಯೇ ಎನ್ನುವುದು ಮೊದಲು ಕಾಗದದ ಮೇಲೆ ಮೂಡುವುದು ಇಲ್ಲಿ. ಜನವರಿ 10ರೊಳಗೆ ಗವರ್ನರ್ ತಮ್ಮ ರಾಜ್ಯ ಬಜೆಟ್ಟಿನ ಪ್ರಸ್ತಾವ ಮಂಡಿಸುತ್ತಾರೆ, ಬರುವ ವರ್ಷ ಪ್ರತಿ ಮಗುವಿಗೆ ಎಷ್ಟು ಏರಿಕೆ ಸಿಗಬಹುದೆಂಬ ಅಂದಾಜು ಅದರಿಂದ ಸಿಗುತ್ತದೆ. ಜನವರಿ ಫೆಬ್ರವರಿಯಲ್ಲಿ ಬೋರ್ಡು ಕೂತು ಯಾವ ಹುದ್ದೆ ಉಳಿಯಬೇಕು, ಯಾವುದು ಹೋಗಬೇಕು ಎಂದು ಚರ್ಚಿಸುತ್ತದೆ. ಏಕೆಂದರೆ ಮುಂದಿನ ವರ್ಷಕ್ಕೆ ಶಿಕ್ಷಕರನ್ನು ಕಡಿಮೆ ಮಾಡುವುದಿದ್ದರೆ ಮಾರ್ಚ್ 15ರೊಳಗೆ ಅವರಿಗೆ ನೋಟಿಸ್ ಕೊಡಲೇಬೇಕು. ಎರಡನೆಯ ಮಧ್ಯಂತರ ವರದಿಯ ಗಡುವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮೇ 14ರೊಳಗೆ ಗವರ್ನರ್ ತಮ್ಮ ಅಂಕಿಗಳನ್ನು ಪರಿಷ್ಕರಿಸುತ್ತಾರೆ, ಮೇ 15ಕ್ಕೆ ಶಿಕ್ಷಕರ ಅಂತಿಮ ನೋಟಿಸ್. ಆಮೇಲೆ ಜೂನ್‌ನಲ್ಲಿ ಒಂದು ಸಭೆಯಲ್ಲಿ ವಿಚಾರಣೆ, ಇನ್ನೊಂದು ದಿನದ ಸಭೆಯಲ್ಲಿ ಅಂಗೀಕಾರ, ಜುಲೈ 1ರೊಳಗೆ.

ಇದನ್ನು ಓದಿದರೆ ನಿಮಗೇ ಹೊಳೆಯುತ್ತದೆ. ಜೂನ್‌ನಲ್ಲಿ ಉಳಿದಿರುವುದು ಸಹಿ ಮಾತ್ರ. ಮಾತಿಗೆ ಬೆಲೆಯಿರುವುದು ಡಿಸೆಂಬರ್ ನಡುವಿನಿಂದ ಮಾರ್ಚ್ ಮೊದಲ ವಾರದ ತನಕ. ಅಷ್ಟರಲ್ಲಿ ಅರ್ಧ ಕಾಲ ನಾವು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತೇವೆ. ಡಿಸ್ಟ್ರಿಕ್ಟಿನವರು ಈ ಕ್ಯಾಲೆಂಡರನ್ನು ಪೋಷಕರಿಗೆ ಇನ್ನೂ ಸರಳವಾಗಿ, ಇನ್ನೂ ಮುಂಚೆ ತಿಳಿಸಬೇಕು ಎಂದು ನಾನು ಸಮಿತಿಯಲ್ಲಿ ಹೇಳುತ್ತಲೇ ಇದ್ದೇನೆ. ನೂರಾರು ಪುಟದ ಪಿಡಿಎಫ್ ಕಳಿಸಿ ಅಭಿಪ್ರಾಯ ತಿಳಿಸಿ ಎನ್ನುವುದು ಜನರನ್ನು ಒಳಗೊಳ್ಳುವ ಕ್ರಮವಲ್ಲ. ಆ ತಪ್ಪು ಅವರದು. ಆದರೆ ಅವರು ತಿದ್ದಿಕೊಳ್ಳುವ ತನಕ ನಾವು ಕಾದು ಕೂತರೆ ನಷ್ಟ ನಮ್ಮ ಮಕ್ಕಳದು.

ಆ ಪಿಡಿಎಫ್ ಓದುವುದು ನೀವು ತಿಳಿದಷ್ಟು ಕಷ್ಟವೂ ಅಲ್ಲ. ಕಂಪನಿಗಳ ತ್ರೈಮಾಸಿಕ ವರದಿ ಓದುವ ಜನ ನಾವು. ರಾಜ್ಯದ ಎಲ್ಲ ಡಿಸ್ಟ್ರಿಕ್ಟುಗಳೂ ಒಂದೇ ಲೆಕ್ಕಪತ್ರದ ಪದ್ಧತಿ ಬಳಸುತ್ತವೆ. ಖರ್ಚಿನ ಭಾಗದಲ್ಲಿ 1000ದ ಸಾಲುಗಳು ಶಿಕ್ಷಕರ ಸಂಬಳ, 2000 ಕಚೇರಿ, ಬಸ್ಸು, ಸ್ವಚ್ಛತೆ, ತರಗತಿ ಸಹಾಯಕರ ಸಂಬಳ, 3000 ಪಿಂಚಣಿ ಮತ್ತು ಆರೋಗ್ಯ ವಿಮೆಯಂಥ ಸೌಲಭ್ಯ, 4000 ಪುಸ್ತಕ ಮತ್ತು ಸಾಮಗ್ರಿ, 5000 ಹೊರಗಿನ ಸೇವೆ ಮತ್ತು ಗುತ್ತಿಗೆ, 6000 ಕಟ್ಟಡ ಮತ್ತು ದೊಡ್ಡ ಸಲಕರಣೆ. ಮೊದಲ ಮೂರನ್ನು ಕೂಡಿಸಿ ನೋಡಿ. ಸಾಮಾನ್ಯವಾಗಿ ಒಟ್ಟು ಖರ್ಚಿನ ಐದರಲ್ಲಿ ನಾಲ್ಕು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಅಲ್ಲಿಗೇ ಹೋಗುತ್ತದೆ. ಶಾಲೆಯೆಂದರೆ ಜನ, ಹಾಗಿರಬೇಕಾದ್ದೇ. ಶಿಕ್ಷಕರ ಪಿಂಚಣಿ ನಿಧಿಗೇ ಡಿಸ್ಟ್ರಿಕ್ಟು ಅವರ ಸಂಬಳದ ಶೇಕಡಾ 19.1ರಷ್ಟು ಕಟ್ಟುತ್ತದೆ. ಹಾಗಾಗಿ ಕೊರತೆ ಬಂದಾಗ ಪೆನ್ಸಿಲ್ಲು ಕಾಗದ ಉಳಿಸಿ ಸರಿದೂಗಿಸಲಾಗುವುದಿಲ್ಲ, ಯಾರದೋ ಹುದ್ದೆ ಹೋಗುತ್ತದೆ. ಗ್ರಂಥಪಾಲಕರು, ಕೌನ್ಸೆಲರ್, ಕಲೆ ಸಂಗೀತದ ಶಿಕ್ಷಕರು ಮೊದಲು ಬಲಿಯಾಗುತ್ತಾರೆ. 5000ದ ಸಾಲನ್ನು ಮಾತ್ರ ಬಿಡದೆ ನೋಡಿ. ಸಲಹೆಗಾರರು, ಸಾಫ್ಟ್‌ವೇರ್ ಪರವಾನಗಿಗಳು ಅಲ್ಲಿರುತ್ತವೆ. ಆ ಸಾಫ್ಟ್‌ವೇರನ್ನು ಎಷ್ಟು ತರಗತಿಗಳು ನಿಜವಾಗಿ ಬಳಸುತ್ತಿವೆ ಎಂದು ಕೇಳಲು ನಮ್ಮಷ್ಟು ಯೋಗ್ಯರು ಈ ಊರಿನಲ್ಲಿ ಯಾರಿದ್ದಾರೆ?

ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ನಾನು ಪದೇಪದೇ ಕೇಳುವ ಆಕ್ಷೇಪ ಒಂದಿದೆ: ಕೋಟಿಗಟ್ಟಲೆ ಸುರಿದು ಹೊಸ ಕಟ್ಟಡ ಕಟ್ಟುತ್ತಾರೆ, ಮೇಷ್ಟ್ರಿಗೆ ಕೊಡಲು ದುಡ್ಡಿಲ್ಲ ಅನ್ನುತ್ತಾರೆ, ಇದೆಂಥ ಮೋಸ? ಮೋಸವಲ್ಲ. ಕಟ್ಟಡದ ಹಣ ಬಾಂಡಿನದು. 2000ನೇ ಇಸವಿಯ ಪ್ರೊಪೊಸಿಷನ್ 39ರ ಪ್ರಕಾರ ಶೇಕಡಾ 55 ಮತ ಬಿದ್ದರೆ ಶಾಲಾ ಬಾಂಡ್ ಪಾಸಾಗುತ್ತದೆ, ಆದರೆ ಆ ಹಣದಲ್ಲಿ ಒಂದು ಡಾಲರನ್ನೂ ಶಿಕ್ಷಕರ ಸಂಬಳಕ್ಕೆ ತೆಗೆಯುವಂತಿಲ್ಲ. ಸಂಬಳಕ್ಕೆ ಊರಿನಲ್ಲೇ ಹಣ ಎತ್ತಬೇಕೆಂದರೆ ಪಾರ್ಸೆಲ್ ಟ್ಯಾಕ್ಸ್ ಬೇಕು, ಅದಕ್ಕೆ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಮತ ಬೇಕು. ಬಾಂಡಿನ ಖರ್ಚು ನೋಡಿಕೊಳ್ಳಲು ನಾಗರಿಕರ ಉಸ್ತುವಾರಿ ಸಮಿತಿ ಇರಲೇಬೇಕೆಂದು ಕಾನೂನು ಹೇಳುತ್ತದೆ. ಅದರಲ್ಲಿ ಹಿರಿಯ ನಾಗರಿಕರ ಸಂಘಟನೆಯವರಿಗೂ ಒಂದು ಸ್ಥಾನವಿದೆ. ನಿವೃತ್ತರಾದ ಸಿವಿಲ್ ಎಂಜಿನಿಯರುಗಳು, ಲೆಕ್ಕಪರಿಶೋಧಕರು ನಮ್ಮಲ್ಲಿ ಎಷ್ಟಿಲ್ಲ! ಇಲ್ಲೇ ನೆಲೆಸಿರುವ ಹಿರಿಯರು ದಯವಿಟ್ಟು ಈ ಸ್ಥಾನಗಳಿಗೆ ಅರ್ಜಿ ಹಾಕಿ.

ಲೆಕ್ಕ ನೋಡುವವರಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಬೇ ಏರಿಯಾದಲ್ಲೇ ಉದಾಹರಣೆಯಿದೆ. 1991ರ ವಸಂತದಲ್ಲಿ ರಿಚ್ಮಂಡ್ ಯೂನಿಫೈಡ್ ಡಿಸ್ಟ್ರಿಕ್ಟು ಕೈಯಲ್ಲಿ ಹಣವಿಲ್ಲ, ಶಾಲಾ ವರ್ಷದ ಕೊನೆಯ ಆರು ವಾರ ಶಾಲೆ ನಡೆಸಲಾಗುವುದಿಲ್ಲ ಎಂದುಬಿಟ್ಟಿತು. ಪೋಷಕರು ಕೋರ್ಟಿಗೆ ಹೋದರು. ಮಕ್ಕಳಿಗೆ ಉಳಿದ ಊರಿನ ಮಕ್ಕಳಷ್ಟೇ ಶಿಕ್ಷಣ ಸಿಗುವಂತೆ ನೋಡಿಕೊಳ್ಳುವುದು ರಾಜ್ಯದ ಹೊಣೆ ಎಂದು ಕೋರ್ಟು ಹೇಳಿತು, ರಾಜ್ಯದ ಸುಪ್ರೀಂ ಕೋರ್ಟು 1992ರಲ್ಲಿ ಅದನ್ನು ಎತ್ತಿಹಿಡಿಯಿತು. ಈಗಿನ ಮಧ್ಯಂತರ ವರದಿಗಳಿಗೆ ಬಿಗಿ ಬಂದದ್ದು, ಕೌಂಟಿಯವರು ಡಿಸ್ಟ್ರಿಕ್ಟಿನ ಮೇಲೆ ಕಣ್ಣಿಡುವಂತಾದದ್ದು ಆ ಪ್ರಕರಣದ ಬೆನ್ನಿಗೇ ಬಂದ ಎಬಿ 1200 ಕಾಯ್ದೆಯಿಂದ. ಆಮೇಲೂ 2003ರಲ್ಲಿ ಓಕ್‌ಲ್ಯಾಂಡ್ ಡಿಸ್ಟ್ರಿಕ್ಟು ರಾಜ್ಯದಿಂದ 10 ಕೋಟಿ ಡಾಲರ್ ಸಾಲ ಪಡೆದು ತನ್ನ ಅಧಿಕಾರವನ್ನೇ ರಾಜ್ಯದ ಕೈಗೆ ಒಪ್ಪಿಸಬೇಕಾಯಿತು. ಹಾಗಾಗಿ ಮಧ್ಯಂತರ ವರದಿಯ ಮೇಲೆ ಪಾಸಿಟಿವ್, ಕ್ವಾಲಿಫೈಡ್, ನೆಗೆಟಿವ್ ಎಂಬ ಮೂರರಲ್ಲಿ ಯಾವ ಮುದ್ರೆ ಬಿದ್ದಿದೆ ಎಂದು ನೋಡಿ. ಕ್ವಾಲಿಫೈಡ್ ಎಂದರೆ ನಮ್ಮ ಕಿವಿಗೆ ಒಳ್ಳೆಯ ಮಾತಿನಂತೆ ಕೇಳುತ್ತದೆ. ಅಲ್ಲ, ಮೂರು ವರ್ಷದೊಳಗೆ ಹಣ ಸಾಲದೆ ಹೋಗಬಹುದು ಎಂಬ ಎಚ್ಚರಿಕೆ ಅದು. ಮೀಸಲು ನಿಧಿಯನ್ನೂ ನೋಡಿ. ಬೇ ಏರಿಯಾದ ಬಹುತೇಕ ಡಿಸ್ಟ್ರಿಕ್ಟುಗಳ ಗಾತ್ರಕ್ಕೆ ಕನಿಷ್ಠ ಶೇಕಡಾ 3 ಇರಬೇಕು.

ನಾವು ಎಚ್1ಬಿಯಲ್ಲಿದ್ದೇವೆ, ಗ್ರೀನ್ ಕಾರ್ಡ್ ಸರದಿಯಲ್ಲಿದ್ದೇವೆ, ಮತವಿಲ್ಲ, ನಮ್ಮ ಮಾತು ಯಾರು ಕೇಳುತ್ತಾರೆ ಎನ್ನುವವರಿಗೆ ಈಗ ಹೇಳಬೇಕು. ಬೋರ್ಡಿಗೆ ಸ್ಪರ್ಧಿಸಲು, ಮತ ಹಾಕಲು ಪೌರತ್ವ ಬೇಕು, ಒಪ್ಪಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾತ್ರ 2016ರಲ್ಲಿ ಜನ ಒಪ್ಪಿದ ಪ್ರೊಪೊಸಿಷನ್ ಎನ್‌ನಿಂದಾಗಿ ಪೌರರಲ್ಲದ ಪೋಷಕರಿಗೂ ಶಾಲಾ ಬೋರ್ಡಿನ ಚುನಾವಣೆಯಲ್ಲಿ ಮತವಿದೆ. ಉಳಿದ ಕಡೆ ಮತವಿಲ್ಲದಿದ್ದರೂ ಮಾತಿದೆ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಬೋರ್ಡಿನ ಸಾಮಾನ್ಯ ಸಭೆಯ ವಿಷಯಪಟ್ಟಿ 72 ಗಂಟೆ ಮುಂಚೆ ಪ್ರಕಟವಾಗಬೇಕು, ಯಾರು ಬೇಕಾದರೂ ಬಂದು ಮಾತಾಡಬಹುದು. ಸಭೆಗೆ ಬರಲು ಹೆಸರು ಬರೆಸುವುದು ಕಡ್ಡಾಯವಲ್ಲ. ವೀಸಾ ಯಾವುದು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಅಜ್ಜ ಅಜ್ಜಿಯರೇ, ಇದು ನಿಮಗೆ. ನಿಮಗೆ ಇಂಗ್ಲಿಷಿನಲ್ಲಿ ಮಾತಾಡಲು ಸಂಕೋಚವಿದ್ದರೆ ಕನ್ನಡದಲ್ಲೇ ಮಾತಾಡಿ, ಮಗನೋ ಸೊಸೆಯೋ ಪಕ್ಕದಲ್ಲಿ ನಿಂತು ಅನುವಾದಿಸಲಿ. ಮಾತಿಗೆ ಇಷ್ಟು ನಿಮಿಷ ಎಂದು ಮಿತಿಯಿದ್ದರೆ, ಅನುವಾದಕರ ಮೂಲಕ ಮಾತಾಡುವವರಿಗೆ ಅದರ ಎರಡರಷ್ಟು ಸಮಯ ಕೊಡಬೇಕೆಂದು ಕಾನೂನೇ ಇದೆ. ದಿನಾ ಮಧ್ಯಾಹ್ನ ಮೊಮ್ಮಗುವನ್ನು ಶಾಲೆಯ ಗೇಟಿನಿಂದ ಕರೆತರುವವರು ನೀವು. ರಸ್ತೆ ದಾಟಿಸುವ ಗಾರ್ಡ್ ಇಲ್ಲದ ದಿನ ಏನಾಗುತ್ತದೆ ಎನ್ನುವುದು ಬೋರ್ಡಿನವರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮಾತಾಡಿದ ಮೇಲೆ ಬೋರ್ಡಿನವರು ಉತ್ತರ ಕೊಡದೆ ಥ್ಯಾಂಕ್ಯೂ ಅಂದು ಮುಂದಿನವರನ್ನು ಕರೆದರೆ ನೊಂದುಕೊಳ್ಳಬೇಡಿ. ವಿಷಯಪಟ್ಟಿಯಲ್ಲಿಲ್ಲದ ಸಂಗತಿಯನ್ನು ಅವರು ಅಲ್ಲಿ ಚರ್ಚಿಸುವಂತಿಲ್ಲ. ಉತ್ತರವೇ ಬೇಕೆಂದರೆ ಬೇರೆ ದಾರಿಯಿದೆ. ಪ್ರತಿ ಡಿಸ್ಟ್ರಿಕ್ಟೂ ಎಲ್‌ಕ್ಯಾಪ್ ಎಂದು ಕರೆಯುವ ಮೂರು ವರ್ಷದ ಯೋಜನೆ ಬರೆದು ವರ್ಷ ವರ್ಷ ತಿದ್ದಬೇಕು. ಹಣವನ್ನು ಯಾವ ಗುರಿಗೆ ಖರ್ಚು ಮಾಡುತ್ತೇವೆ ಎಂದು ಅದರಲ್ಲಿ ಹೇಳಬೇಕು. ರಾಜ್ಯ ಗೊತ್ತುಮಾಡಿದ ಆದ್ಯತೆಗಳಲ್ಲಿ ಪೋಷಕರ ಪಾಲ್ಗೊಳ್ಳುವಿಕೆಯೇ ಒಂದು. ಆ ಯೋಜನೆಯನ್ನು ಪೋಷಕರ ಸಲಹಾ ಸಮಿತಿಯ ಮುಂದಿಡಬೇಕು, ಸಮಿತಿ ಕೊಟ್ಟ ಅಭಿಪ್ರಾಯಕ್ಕೆ ಸೂಪರಿಂಟೆಂಡೆಂಟರು ಲಿಖಿತವಾಗಿ ಉತ್ತರಿಸಬೇಕು. ಲಿಖಿತವಾಗಿ ಎನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಸಮಿತಿಯಲ್ಲಿ ಕೂತು ನಾನು ಕಂಡದ್ದು ಇದು: ಮಾತಿನಲ್ಲಿ ಹೇಳಿದ ಹತ್ತು ದೂರು ಗಾಳಿಗೆ ಹೋಗುತ್ತವೆ, ಒಂದು ಪುಟದಲ್ಲಿ ಅಂಕಿ ಸಮೇತ ಬರೆದುಕೊಟ್ಟ ಒಂದು ಪ್ರಶ್ನೆಗೆ ಉತ್ತರ ಬರುತ್ತದೆ.

ಶಾಲೆಯ ಮಟ್ಟದಲ್ಲಿ ಸ್ಕೂಲ್ ಸೈಟ್ ಕೌನ್ಸಿಲ್ ಇದೆ, ಪ್ರಾಥಮಿಕ ಶಾಲೆಗಳಲ್ಲಿ ಅದರ ಅರ್ಧದಷ್ಟು ಸ್ಥಾನ ಪೋಷಕರದು, ಅವರನ್ನು ಆರಿಸುವುದೂ ಪೋಷಕರೇ. ಇಂಗ್ಲಿಷ್ ಕಲಿಯುವ ಮಕ್ಕಳು 21 ಅಥವಾ ಅದಕ್ಕಿಂತ ಹೆಚ್ಚಿರುವ ಶಾಲೆಯಲ್ಲಿ ಆ ಮಕ್ಕಳ ಪೋಷಕರಿರುವ ಒಂದು ಸಮಿತಿ ಇರಬೇಕು. ಇವುಗಳಿಗೆ ಪೌರತ್ವ ಬೇಕಿಲ್ಲ. ಎಷ್ಟೋ ಕಡೆ ಸ್ಥಾನಗಳು ಖಾಲಿ ಬಿದ್ದಿವೆ, ಪ್ರಿನ್ಸಿಪಾಲರು ಯಾರಾದರೂ ಬನ್ನಿ ಎಂದು ಕೇಳಿಕೊಳ್ಳುತ್ತಾರೆ.

ಪಿಟಿಎಗೆ ನಾವು ಕೈಬಿಚ್ಚಿ ಕೊಡುತ್ತೇವೆ, ಕಂಪನಿಯಿಂದ ಅಷ್ಟೇ ಮೊತ್ತ ಸೇರಿಸಿಯೂ ಕೊಡುತ್ತೇವೆ. ಅದು ಒಳ್ಳೆಯದೇ, ಮುಂದುವರಿಯಲಿ. ಆದರೆ ಆ ಹಣ ನಮ್ಮ ಶಾಲೆಯ ಬೇಲಿ ದಾಟುವುದಿಲ್ಲ. ಹೆದ್ದಾರಿಯ ಆಚೆ ಇರುವ, ಪೋಷಕರು ಎರಡೆರಡು ಪಾಳಿ ದುಡಿಯುವ ಶಾಲೆಯಲ್ಲಿ ಕಲೆಯ ಶಿಕ್ಷಕರನ್ನು ಇಡಲು ಪಿಟಿಎಯಿಂದಾಗುವುದಿಲ್ಲ. ಎಲ್ಲ ಶಾಲೆಗಳಿಗೂ ಸಲ್ಲುವ ಹಣದ ಮಾತು ನಡೆಯುವುದು ಬೋರ್ಡಿನ ಮುಂದೆ. ನಮ್ಮ ಮಗುವಿಗಾಗಿ ಮಾತ್ರ ಎದ್ದು ನಿಲ್ಲುವವರು ನಾವು ಎಂಬ ಮಾತು ನಮ್ಮ ಬಗ್ಗೆ ಬರಬಾರದು. ಬಡ ಮಕ್ಕಳಿಗೆಂದು ಬಂದ ಹೆಚ್ಚುವರಿ ಹಣ ಆ ಮಕ್ಕಳಿಗೇ ತಲುಪುತ್ತಿದೆಯೇ ಎಂದು ಒಬ್ಬ ಕನ್ನಡಿಗ ತಾಯಿ ಕೇಳಿದರೆ ಆ ಪ್ರಶ್ನೆಯ ತೂಕವೇ ಬೇರೆ.

ಈಗ ನನ್ನ ಕೋರಿಕೆ. ನಿಮ್ಮ ಡಿಸ್ಟ್ರಿಕ್ಟಿನ ಬೋರ್ಡ್ ಸಭೆಗಳ ವೇಳಾಪಟ್ಟಿ ತೆರೆದು ಜನವರಿ, ಫೆಬ್ರವರಿಯ ಸಭೆಗಳನ್ನು ಇವತ್ತೇ ಗುರುತು ಮಾಡಿಕೊಳ್ಳಿ. ಡಿಸೆಂಬರಿನ ಮಧ್ಯಂತರ ವರದಿಯನ್ನು ಊರಿಗೆ ಹೋಗುವ ವಿಮಾನದಲ್ಲಾದರೂ ಓದಿ. ಒಂದು ಬೀದಿಯ ನಾಲ್ಕು ಮನೆಯವರು ಸೇರಿ ಓದಿದರೆ ಒಂದು ಸಂಜೆಯ ಕೆಲಸ. ಕನ್ನಡ ಕೂಟದ ಪದಾಧಿಕಾರಿಗಳೇ, ಸಂಕ್ರಾಂತಿ ಕಾರ್ಯಕ್ರಮದಲ್ಲಿ ಇದಕ್ಕೆ ಅರ್ಧ ಗಂಟೆ ಕೊಡಿ, ಬೋರ್ಡಿನ ಸದಸ್ಯರೊಬ್ಬರನ್ನು ಅತಿಥಿಯಾಗಿ ಕರೆಸಿ, ಶಾಲು ಹೊದಿಸುವ ಮುಂಚೆ ಪ್ರಶ್ನೆ ಕೇಳಲು ಬಿಡಿ. ಯಾವ ಕಾರಣಕ್ಕೂ ಜೂನ್ ತನಕ ಕಾಯಬೇಡಿ. ಮಾರ್ಚ್ 15ಕ್ಕೆ ಮುಂಚೆ ಒಂದು ಸಭೆಗಾದರೂ ಬನ್ನಿ, ಬಂದು ಒಂದು ಪ್ರಶ್ನೆಯಾದರೂ ಕೇಳಿ.

ಇಂತಿ,
ನಿಮ್ಮಂತೆಯೇ ಒಬ್ಬ ಪೋಷಕಿ